ಕಪ್ಪು ಪರದೆಯ ಟೂಲ್‌ಗಳಿಗೂ ಮಾತು ಕಲಿಸಿ

ಸಂಪಾದಕರಿಗೆ,

ನಮಸ್ಕಾರ. ಮೈಸೂರಿನ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ ಆಪರೇಟರ್. ಲಗ್ನಪತ್ರಿಕೆ, ಬಿಲ್ ಬುಕ್, ಸಂಘಗಳ ವಾರ್ಷಿಕ ವರದಿ, ಆಗಾಗ ಒಂದು ಪುಸ್ತಕ, ಇಷ್ಟು ನಮ್ಮ ಕೆಲಸ. ಬೇಸಿಗೆ ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ಬರುತ್ತಾರೆ. ರೆಕ್ಸಿನ್ ಬೈಂಡಿಂಗ್ ಬೇಕು, ಮೇಲೆ ಬಂಗಾರದ ಅಕ್ಷರ ಬೇಕು, ನಾಳೆಯೇ ಬೇಕು. ಮಾರ್ಜಿನ್ ಸರಿ ಮಾಡಿ ಪುಟ ಸಂಖ್ಯೆ ಹಾಕುವವಳು ನಾನೇ. ಹಾಗಾಗಿ ಗೈಡ್ ಓದುತ್ತಾರೋ ಇಲ್ಲವೋ, ನಾನಂತೂ ಈ ರಿಪೋರ್ಟ್‌ಗಳನ್ನು ಓದಿರುತ್ತೇನೆ.

ಅವುಗಳಲ್ಲಿ ಸುಮಾರು ರಿಪೋರ್ಟ್‌ಗಳು ಸಣ್ಣ ಸಣ್ಣ ಟೂಲ್‌ಗಳ ಬಗ್ಗೆ ಇರುತ್ತವೆ. ಫೈಲ್ ವಿಂಗಡಿಸುವುದು, ಫೋಟೊ ಗಾತ್ರ ಬದಲಿಸುವುದು, ಒಂದು ಫಾಂಟಿನಿಂದ ಇನ್ನೊಂದಕ್ಕೆ ಕನ್ನಡ ಬದಲಿಸುವುದು. ಬಟನ್ ಇರುವುದಿಲ್ಲ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಬೇಕು. ರಿಪೋರ್ಟಿನಲ್ಲಿ ಬ್ಲಾಕ್ ಡಯಾಗ್ರಾಂ ಇರುತ್ತದೆ, ಫ್ಲೋ ಚಾರ್ಟ್ ಇರುತ್ತದೆ, ಅಲ್ಗಾರಿದಂ ಇರುತ್ತದೆ. ಬಳಸುವವರು ಒಂದು ಅಕ್ಷರ ತಪ್ಪು ಟೈಪ್ ಮಾಡಿದರೆ ಟೂಲ್ ಏನು ಹೇಳುತ್ತದೆ ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ. ಬಳಕೆದಾರರ ಕೈಪಿಡಿ ಅಂತ ಒಂದು ಅಧ್ಯಾಯ ಇದ್ದರೂ ಅರ್ಧ ಪುಟ, ಅದರಲ್ಲೂ ಎರಡು ಸ್ಕ್ರೀನ್‌ಶಾಟ್. ಈ ಪತ್ರ ಆ ಅರ್ಧ ಪುಟದ ಬಗ್ಗೆ.

ಕಪ್ಪು ಪರದೆ ಬೇಡ, ಎಲ್ಲದಕ್ಕೂ ಬಟನ್ ಕೊಡಿ ಅಂತ ನಾನು ಕೇಳುತ್ತಿಲ್ಲ. ನನಗೆ ಕಪ್ಪು ಪರದೆ ಇಷ್ಟ. ಒಂದು ಸ್ಮರಣ ಸಂಚಿಕೆಗೆ ನೂರಾರು ಫೋಟೊ ಬಂದಾಗ ಒಂದೊಂದನ್ನೂ ತೆರೆದು, ಗಾತ್ರ ಇಳಿಸಿ, ಉಳಿಸಿ, ಮುಚ್ಚುತ್ತಾ ಕೂತರೆ ಸಂಜೆಗೆ ಮಣಿಕಟ್ಟು ಸೋತು ಹೋಗುತ್ತದೆ. ಒಂದು ಸಾಲು ಟೈಪ್ ಮಾಡಿದರೆ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಆ ಸಾಲನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲವೂ ಅದೇ ಸಾಲು, ಅದೇ ಫಲಿತಾಂಶ. ಮೌಸಿನಲ್ಲಿ ಮಾಡಿದ ಕೆಲಸವನ್ನು ಹೀಗೆ ಬರೆದಿಡಲು ಆಗುತ್ತದಾ?

ಇನ್ನೊಂದು ವಿಷಯ. ಕಮಾಂಡ್ ಅಂದರೆ ಸಾಫ್ಟ್‌ವೇರ್ ಎಂಜಿನಿಯರುಗಳ ಸೊತ್ತು ಅಂತ ಎಲ್ಲರೂ ತಿಳಿದಿದ್ದಾರೆ. ಚರಿತ್ರೆ ಬೇರೆಯೇ ಇದೆ. ಇವತ್ತಿನ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾದದ್ದು 1969ರಲ್ಲಿ. ಅದನ್ನು ಕಟ್ಟುತ್ತಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅವರ ಗುಂಪಿಗೆ ದೊಡ್ಡ ಕಂಪ್ಯೂಟರ್ ಯಂತ್ರ ಬೇಕಿತ್ತು. ಪೇಟೆಂಟ್ ಅರ್ಜಿಗಳನ್ನು ಟೈಪ್ ಮಾಡಿ ಜೋಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಅಂತ ಹೇಳಿ ಆ ಯಂತ್ರ ತರಿಸಿಕೊಂಡರು. 1971ರ ಹೊತ್ತಿಗೆ ಯುನಿಕ್ಸ್ ಮುಂದೆ ಕೂತು ದಿನವೂ ಕೆಲಸ ಮಾಡುತ್ತಿದ್ದವರಲ್ಲಿ ಪೇಟೆಂಟ್ ವಿಭಾಗದ ಟೈಪಿಸ್ಟ್‌ಗಳು ಇದ್ದರು. ಅಂದರೆ ನನ್ನಂಥವರು! ಇದನ್ನು ಓದಿದ ದಿನ ನಮ್ಮ ಬೈಂಡಿಂಗ್ ಹುಡುಗರಿಗೆಲ್ಲ ಹೇಳಿದೆ. ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ ಬಿಡಿ.

ಅದೇ ಬೆಲ್ ಲ್ಯಾಬ್ಸ್‌ನ ಇನ್ನೊಂದು ಕಥೆ ಪ್ರೆಸ್ಸಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿಗೆ ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೊಟೈಪ್‌ಸೆಟ್ಟರ್ ಬಂದಿತ್ತು. ಅದರ ಕಾಗದವನ್ನು ವಾಸನೆ ಹೊಡೆಯುವ ಡೆವಲಪರ್ ಯಂತ್ರದಲ್ಲಿ ಹಾಕಿ ಎಷ್ಟೋ ನಿಮಿಷ ಕಾಯಬೇಕಿತ್ತು. ಕಾದು ತೆಗೆದು ನೋಡಿದರೆ ಕೆಲವು ಸಲ ಲೇಖನ ಇರುತ್ತಿರಲಿಲ್ಲ. ಇಂಥ ಫೈಲ್ ತೆರೆಯಲು ಆಗಲಿಲ್ಲ ಅನ್ನುವ ಒಂದೇ ಸಾಲು, ಅಂದವಾದ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಎಲ್ಲರೂ ಗೊಣಗಿದರು. ಆಮೇಲೆ ದೋಷದ ಸಂದೇಶಕ್ಕೇ ಬೇರೆ ದಾರಿ ಮಾಡಿದರು. ಇವತ್ತಿಗೂ ಸರಿಯಾಗಿ ಬರೆದ ಟೂಲ್‌ನಲ್ಲಿ ಕೆಲಸದ ಫಲಿತಾಂಶ ಒಂದು ದಾರಿಯಲ್ಲಿ ಬರುತ್ತದೆ, ದೂರು ಇನ್ನೊಂದು ದಾರಿಯಲ್ಲಿ ಬರುತ್ತದೆ. ಫಲಿತಾಂಶವನ್ನು ಫೈಲಿಗೆ ಕಳಿಸಿದರೂ ದೂರು ಕಣ್ಣ ಮುಂದೆ ಪರದೆಯಲ್ಲೇ ಕಾಣುತ್ತದೆ. ಈ ಸಣ್ಣ ಶಿಸ್ತನ್ನು ಪಾಲಿಸದ ಟೂಲ್‌ಗಳು ಈಗಲೂ ಬರುತ್ತಿವೆ. ಬದಲಿಸಿದ ಅಧ್ಯಾಯದ ನಡುವೆ ವಾರ್ನಿಂಗ್ ಅನ್ನುವ ಇಂಗ್ಲಿಷ್ ಸಾಲು ಸೇರಿಕೊಂಡಿರುತ್ತದೆ. ಪ್ರೂಫ್ ನೋಡುವವರ ಕಣ್ಣು ತಪ್ಪಿದರೆ ಅದು ಪುಸ್ತಕದಲ್ಲೇ ಅಚ್ಚಾಗುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಪ್ರೆಸ್ಸುಗಳಲ್ಲಿ ಇನ್ನೂ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ಗಳು ರಾಶಿ ಬಿದ್ದಿವೆ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟ ಯುನಿಕೋಡ್ ಪದ್ಧತಿಯಲ್ಲಿ ಅವು ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಲೆಕ್ಕ ಅದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ಎ ಮೇಲೆ ಗೆರೆ, ಪಿ, ಕ್ಯೂ, ನಡುವೆ ಪೌಂಡಿನ ಗುರುತು ಕಾಣುತ್ತದೆ. ವೆಬ್‌ಸೈಟಿಗೋ ಇ-ಪುಸ್ತಕಕ್ಕೋ ಬೇಕಾದರೆ ಯುನಿಕೋಡಿಗೆ ಬದಲಿಸಲೇಬೇಕು. ಬದಲಿಸುವುದು ಸುಲಭ ಅಲ್ಲ. ಉದಾಹರಣೆಗೆ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರ ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಟೂಲ್ ಅದನ್ನು ಎತ್ತಿ ಹಿಂದಕ್ಕೆ ಹಾಕಬೇಕು. ಇಂಥ ಟೂಲ್ ಬರೆದು ಪುಕ್ಕಟೆ ಕೊಡುವ ಹುಡುಗ ಹುಡುಗಿಯರ ಬಗ್ಗೆ ನನಗೆ ಗೌರವ ಇದೆ. ಆ ಲೆಕ್ಕ ನನ್ನ ತಲೆಗೆ ಹತ್ತುವುದೇ ಇಲ್ಲ.

ಒಬ್ಬ ಹಿರಿಯರು ತಮ್ಮ ಊರಿನ ಚರಿತ್ರೆ ಬರೆದಿದ್ದರು. ಮದ್ದೂರು ಕಡೆಯ ಒಂದು ಹಳ್ಳಿ. ಅಧ್ಯಾಯಕ್ಕೊಂದು ಫೈಲ್, ಎಲ್ಲವೂ ಹಳೆಯ ಫಾಂಟಿನಲ್ಲಿ. ನಾನು ಒಂದು ಟೂಲ್ ಇಳಿಸಿಕೊಂಡು, ಅದರ ಪುಟದಲ್ಲಿ ಬರೆದಿದ್ದ ಹಾಗೇ ಫೋಲ್ಡರ್ ಹೆಸರು ಕೊಟ್ಟು ಎಂಟರ್ ಒತ್ತಿದೆ. ಟೂಲ್ ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಫೋಲ್ಡರ್ ತೆರೆದರೆ ಹಳೆಯ ಫೈಲ್‌ಗಳ ಮೇಲೆಯೇ ಹೊಸದನ್ನು ಬರೆದು ಹಾಕಿದೆ. ಅದೂ ಅರ್ಧ ಫೈಲ್‌ಗಳಲ್ಲಿ ಮಾತ್ರ. ಇನ್ನೊಂದು ಸಲ ಓಡಿಸಿದಾಗ ಪರದೆ ತುಂಬಾ ಇಂಗ್ಲಿಷ್ ಸಾಲುಗಳು ಬಂದವು. ಯಾವ ಪ್ರೋಗ್ರಾಂನ ಎಷ್ಟನೇ ಸಾಲು, ಅದನ್ನು ಕರೆದದ್ದು ಯಾವ ಸಾಲು, ಹೀಗೆ. ಕೊನೆಯ ಸಾಲಿನಲ್ಲಿ ಎಷ್ಟನೇ ಬೈಟಿನಲ್ಲಿ, ಅಂದರೆ ಫೈಲಿನ ಎಷ್ಟನೇ ಚೂರಿನಲ್ಲಿ, ತೊಂದರೆ ಅಂತ ಇತ್ತು. ಯಾವ ಫೈಲಿನಲ್ಲಿ ಅಂತ ಇರಲಿಲ್ಲ! ಬೈಟ್ ಸಂಖ್ಯೆ ಇಟ್ಟುಕೊಂಡು ನಾನೇನು ಮಾಡಲಿ? ಪುಣ್ಯಕ್ಕೆ ಆ ಹಿರಿಯರ ಹತ್ತಿರ ಹಳೆಯ ಸಿಡಿ ಇತ್ತು.

ನನ್ನ ಅಣ್ಣನ ಮಗ ಹೆಬ್ಬಾಳದ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಫೋನ್ ಮಾಡಿದೆ.

'ಅತ್ತೆ, ಮೊದಲು ಹೆಲ್ಪ್ ಓದಬೇಕು' ಅಂದ.

'ಓದಿದೆ ಕಣೋ. ಯೂಸೇಜ್, ಆಪ್ಷನ್ಸ್, ಪಾತ್ ಅಂತ ಒಂದು ಸಾಲು ಇದೆ. ಅಷ್ಟೇ.'

'ಅಷ್ಟೇನಾ?'

'ಅಷ್ಟೇ.'

ಆಮೇಲೆ ಅವನೇ ಭಾನುವಾರ ಮನೆಗೆ ಬಂದು ಒಳಗೆ ನೋಡಿದ. ಆ ಫೋಲ್ಡರಿನಲ್ಲಿ ವರ್ಡ್ ಫೈಲ್ ಒಂದು ಸೇರಿಕೊಂಡಿತ್ತು. ಟೂಲ್‌ಗೆ ಬೇಕಾಗಿದ್ದು ಬರೀ ಟೆಕ್ಸ್ಟ್ ಫೈಲ್. ವರ್ಡ್ ಫೈಲ್ ಎದುರಾದ ಕೂಡಲೇ ಅದು ಅಲ್ಲೇ ಬಿದ್ದಿದೆ. ನನಗೆ ಬೇಕಾಗಿದ್ದ ಸಂದೇಶ ಇಷ್ಟೇ: 'ಅಧ್ಯಾಯ 7 ಓದಲು ಆಗಲಿಲ್ಲ. ಅದು ವರ್ಡ್ ಫೈಲ್. ಅದನ್ನು ಟೆಕ್ಸ್ಟ್ ಫೈಲ್ ಆಗಿ ಉಳಿಸಿ ಮತ್ತೆ ಓಡಿಸಿ. ಉಳಿದ ಫೈಲ್‌ಗಳ ಕೆಲಸ ಮುಗಿದಿದೆ, ಹಳೆಯ ಪ್ರತಿಗಳು ಹಾಗೇ ಇವೆ.' ಏನಾಯಿತು, ಯಾಕಾಯಿತು, ನಾನೇನು ಮಾಡಬೇಕು, ನನ್ನ ಫೈಲ್‌ಗಳ ಗತಿ ಏನು. ಈ ನಾಲ್ಕೂ ಅದರಲ್ಲಿವೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ದೋಷ ಕಂಡ ಕೂಡಲೇ ನಮ್ಮಂಥವರ ಎದೆ ಹೊಡೆದುಕೊಳ್ಳುವುದು ಅದಕ್ಕೇ.

ಹಳೆಯ ಫೈಲ್ ಮೇಲೆ ಬರೆಯುವುದು ಆ ಒಂದು ಟೂಲಿನ ಗುಣ ಮಾತ್ರ ಅಲ್ಲ. ಫೋಟೊ ಕೆಲಸಕ್ಕೆ ಬಳಸುವ ಇಮೇಜ್‌ಮ್ಯಾಜಿಕ್ ಗೊತ್ತಿರುವವರಿಗೆ ಮೊಗ್ರಿಫೈ ಅನ್ನುವ ಕಮಾಂಡ್ ಗೊತ್ತು. ಅದು ಮೂಲ ಫೋಟೊವನ್ನೇ ಬದಲಿಸುತ್ತದೆ. ಅದರ ಕನ್ವರ್ಟ್ ಅನ್ನುವ ಕಮಾಂಡ್ ಬೇರೆ ಹೆಸರಿನಲ್ಲಿ ಹೊಸ ಫೋಟೊ ಮಾಡುತ್ತದೆ. ಹೆಸರು ನೋಡಿ ಯಾವುದು ಅಪಾಯ ಅಂತ ಯಾರು ಹೇಳಬಲ್ಲರು? ಅದು ಸಾಲದು ಅಂತ ವಿಂಡೋಸ್‌ನಲ್ಲೂ ಕನ್ವರ್ಟ್ ಅನ್ನುವ ಕಮಾಂಡ್ ಒಂದು ಮೊದಲಿಂದಲೇ ಇದೆ. ಅದು ಡಿಸ್ಕಿನ ಫೈಲ್ ಸಿಸ್ಟಂ ಬದಲಿಸುವಂಥದ್ದು. ಫೋಟೊ ಹೆಸರು ಕೊಟ್ಟು ಕನ್ವರ್ಟ್ ಅಂದರೆ ಎಷ್ಟೋ ಸಲ ಇದೇ ಎದ್ದು ಬಂದು ಡ್ರೈವ್ ಸರಿಯಿಲ್ಲ ಅನ್ನುತ್ತಿತ್ತು. ಇಮೇಜ್‌ಮ್ಯಾಜಿಕ್‌ನ 7ನೇ ಆವೃತ್ತಿಯಿಂದ ಮ್ಯಾಜಿಕ್ ಅನ್ನುವ ಒಂದೇ ಮುಖ್ಯ ಹೆಸರು ಬಂದ ಮೇಲೆ ಈ ಗೋಳು ಕಡಿಮೆಯಾಯಿತು.

ಅಳಿಸುವ, ಮೇಲೆ ಬರೆಯುವ ಕೆಲಸ ಇದ್ದರೆ ಮೊದಲು ಒಂದು ಸುಳ್ಳು ಓಟ ಓಡಿಸಿ ತೋರಿಸಬೇಕು. ಆರ್‌ಸಿಂಕ್ ಅನ್ನುವ ನಕಲು ಮಾಡುವ ಟೂಲ್‌ನಲ್ಲಿ ಡ್ರೈ ರನ್ ಅಂತ ಇದೆ. ಏನೇನು ನಕಲಾಗುತ್ತದೆ, ಏನೇನು ಹೋಗುತ್ತದೆ ಅಂತ ಪಟ್ಟಿ ಕೊಡುತ್ತದೆ, ಏನನ್ನೂ ಮುಟ್ಟುವುದಿಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಫೈಲುಗಳ ಹಳೆಯ, ಹೊಸ ಆವೃತ್ತಿಗಳನ್ನು ಕಾಪಾಡಲು ಬಳಸುವ ಗಿಟ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಬೇಡದ ಫೈಲ್‌ಗಳನ್ನು ಗುಡಿಸಿ ಹಾಕುವ ಕ್ಲೀನ್ ಕಮಾಂಡನ್ನು ಬರೀ ಹಾಗೇ ಕೊಟ್ಟರೆ ಒಪ್ಪುವುದೇ ಇಲ್ಲ. ನಿಜವಾಗಿ ಅಳಿಸಬೇಕು ಅಂತ ಬಾಯಿ ಬಿಟ್ಟು ಹೇಳಬೇಕು. ಅದೇ ಗಿಟ್‌ನಲ್ಲಿ ಕಮಾಂಡಿನ ಕಾಗುಣಿತ ತಪ್ಪಾದರೆ, ಅಂಥ ಕಮಾಂಡ್ ಇಲ್ಲ, ಇದಕ್ಕೆ ಹತ್ತಿರದ್ದು ಇಂಥದ್ದು ಇದೆ ಅಂತ ಹೇಳುತ್ತದೆ. ನಾನು ಗಿಟ್ ಬಳಸುವವಳಲ್ಲ, ಅಣ್ಣನ ಮಗ ತೋರಿಸಿದ್ದು. ನೋಡಿ ಹೊಟ್ಟೆಕಿಚ್ಚಾಯಿತು. ಎಂಜಿನಿಯರುಗಳು ತಮಗೆ ಮಾಡಿಕೊಂಡ ಸೌಕರ್ಯವನ್ನು ನಮಗೆ ಬರೆಯುವಾಗ ಯಾಕೆ ಮರೆಯುತ್ತಾರೆ?

'ಸುಮ್ನೆ ಇದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ, ಅದು ಯುನಿಕ್ಸ್ ಪದ್ಧತಿ ಅತ್ತೆ' ಅಂತಲೂ ಅವನು ಹೇಳಿದ. ಅದಕ್ಕೂ ಕಾರಣ ಇದೆ, ಒಪ್ಪುತ್ತೇನೆ. ಆಗ ಹೆಚ್ಚಿನವರ ಮುಂದೆ ಪರದೆ ಇರಲಿಲ್ಲ, ಟೆಲಿಟೈಪ್ ಇತ್ತು. ಒಂದೊಂದು ಅಕ್ಷರವೂ ಕಾಗದದ ಮೇಲೆ ನಿಧಾನಕ್ಕೆ ಬಡಿದುಕೊಂಡು ಬರಬೇಕು. 1973ರಲ್ಲಿ ಪೈಪ್ ಬಂದ ಮೇಲೆ ಒಂದು ಟೂಲ್ ಆಡಿದ ಮಾತು ಇನ್ನೊಂದು ಟೂಲಿನ ಕಿವಿಗೆ ಹೋಗುವ ಹಾಗಾಯಿತು. ಅಲ್ಲಿ ಹೆಚ್ಚುವರಿ ಮಾತು ತೊಂದರೆಯೇ. ಆದರೆ ತನ್ನ ಮಾತು ಪರದೆಗೆ ಹೋಗುತ್ತಿದೆಯೋ ಫೈಲಿಗೋ ಅಂತ ತಿಳಿದುಕೊಳ್ಳುವ ದಾರಿ ಟೂಲ್‌ಗೆ ಇದೆ. ಮನುಷ್ಯರು ಎದುರಿಗಿದ್ದರೆ ಒಂದೆರಡು ಮಾತು ಜಾಸ್ತಿ ಆಡಲಿ, ಬಣ್ಣವನ್ನೂ ಹಾಕಲಿ. ಫೈಲಿಗೆ ಹೋಗುತ್ತಿದ್ದರೆ ಬಣ್ಣ ಬಿಡಲಿ. ಇಲ್ಲದಿದ್ದರೆ ಆ ಬಣ್ಣದ ಸಂಕೇತಗಳೆಲ್ಲ ಫೈಲಿನಲ್ಲಿ ಕಸವಾಗಿ ಉಳಿಯುತ್ತವೆ.

ಮೌನ ಎಷ್ಟು ಗೊಂದಲ ಮಾಡುತ್ತದೆ ಅನ್ನುವುದಕ್ಕೆ ನಮ್ಮ ಕಸುಬಿನದೇ ಉದಾಹರಣೆ ಘೋಸ್ಟ್‌ಸ್ಕ್ರಿಪ್ಟ್. 1988ರಿಂದ ಇದೆ. ಪಿಡಿಎಫ್ ಕೆಲಸಕ್ಕೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಕಮಾಂಡಿನಲ್ಲಿ ನೋಪಾಸ್ ಅನ್ನುವುದನ್ನು ಬಿಟ್ಟರೆ ಪುಟ ಪುಟಕ್ಕೂ ಎಂಟರ್ ಒತ್ತು ಅನ್ನುತ್ತದೆ. ಬ್ಯಾಚ್ ಅನ್ನುವುದನ್ನು ಬಿಟ್ಟರೆ ಕೆಲಸ ಮುಗಿದ ಮೇಲೂ ಹೊರಗೆ ಬರುವುದಿಲ್ಲ. ತನ್ನ ಹೆಸರಿನ ಎರಡು ಅಕ್ಷರ ತೋರಿಸಿಕೊಂಡು ಮುಂದಿನ ಕಮಾಂಡಿಗೆ ಕಾಯುತ್ತಾ ಕೂತಿರುತ್ತದೆ. ಹೊಸಬರು ಅದರ ಮುಂದೆ ಇನ್ನೂ ಕೆಲಸ ನಡೀತಿದೆ ಅಂದುಕೊಂಡು ಕಾಯುತ್ತಾ ಕೂರುತ್ತಾರೆ. ಎರಡೂ ಕಡೆ ಕಾಯುವುದೇ ಆಯಿತು. ಕೆಲಸ ಮುಗಿಯಿತು, ಹೊರಗೆ ಹೋಗಲು ಕ್ವಿಟ್ ಅಂತ ಬರೆಯಿರಿ ಅಂತ ಒಂದು ಸಾಲು ಬಂದಿದ್ದರೆ ಸಾಕಿತ್ತು.

ಕಮಾಂಡಿನ ಜೊತೆ ಬರೆಯುವ ಒಂದಕ್ಷರದ ಚುಟುಕು ಆಪ್ಷನ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈನಸ್ ವಿ ಅಂದರೆ ಒಂದು ಕಡೆ ಆವೃತ್ತಿ, ಇನ್ನೊಂದು ಕಡೆ ವಿವರವಾಗಿ ಹೇಳು, ಪದ ಹುಡುಕುವ ಗ್ರೆಪ್‌ನಲ್ಲಿ ಈ ಪದ ಇಲ್ಲದ ಸಾಲುಗಳನ್ನು ಕೊಡು. ಒಂದಕ್ಷರದ ಜೊತೆಗೆ ಪೂರ್ತಿ ಪದದ ಆಪ್ಷನ್ ಕೂಡ ಕೊಡಿ, ನಮ್ಮ ನೋಟ್ ಬುಕ್ಕಿನಲ್ಲಿ ಅದನ್ನೇ ಬರೆದುಕೊಳ್ಳುತ್ತೇವೆ. ವರ್ಷ ಬಿಟ್ಟು ನೋಡಿದರೂ ಅರ್ಥವಾಗುತ್ತದೆ.

ಫಲಿತಾಂಶವನ್ನು ಹೇಗೆ ಹೇಳಬೇಕು ಅನ್ನುವುದಕ್ಕೆ ಒಳ್ಳೆಯ ಮಾದರಿ ನಿಮ್ಮ ಪತ್ರಿಕೆಯಲ್ಲೇ ಇದೆ. ಮಳೆಗಾಲದಲ್ಲಿ ಬರುವ ಕೆಆರ್‌ಎಸ್ ನೀರಿನ ಮಟ್ಟದ ಪುಟ್ಟ ಚೌಕ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ದಿನವೂ ಅದೇ ಕ್ರಮ, ಅದೇ ಅಳತೆ. ಮಂಡ್ಯದ ರೈತ ಅದನ್ನು ನಿಂತಲ್ಲೇ ಓದಿ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಲೆಕ್ಕ ಹಾಕುತ್ತಾನೆ. ಇಂದಿನ ಮಟ್ಟ ಒಂದನ್ನೇ ಹಾಕಿ ಗರಿಷ್ಠ ಎಷ್ಟು ಅಂತ ಬಿಟ್ಟಿದ್ದರೆ ಹೊರ ಊರಿನವರಿಗೆ ಏನೂ ತಿಳಿಯುತ್ತಿರಲಿಲ್ಲ. ಟೂಲ್ ಕೂಡ ಹಾಗೇ ಹೇಳಲಿ: ಒಟ್ಟು ಇಷ್ಟು ಫೈಲ್, ಮುಗಿದದ್ದು ಇಷ್ಟು, ಬಿಟ್ಟದ್ದು ಇಷ್ಟು, ಬಿಟ್ಟದ್ದರ ಹೆಸರು ಇಂಥಲ್ಲಿ ಇದೆ. ಮುಂದಿನ ಆವೃತ್ತಿಯಲ್ಲಿ ಆ ಕ್ರಮವನ್ನು ಸುಮ್‌ಸುಮ್ನೆ ಬದಲಿಸಬೇಡಿ. ಅದನ್ನು ನಂಬಿಕೊಂಡು ಬೇರೆ ಯಾರೋ ಇನ್ನೊಂದು ಸ್ಕ್ರಿಪ್ಟ್ ಬರೆದಿರುತ್ತಾರೆ.

ಕನ್ನಡದ ವಿಷಯಕ್ಕೆ ಬಂದರೆ ಇನ್ನೊಂದು ತಾಪತ್ರಯ. ಮಂಡ್ಯ ಅನ್ನುವುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಮ, ಸೊನ್ನೆ, ಡ, ವಿರಾಮ (ಒತ್ತು ಮಾಡಿಸುವ ಗುರುತು), ಯ ಅಂತ 5. ಯುಟಿಎಫ್-8 ಅನ್ನುವ ರೂಪದಲ್ಲಿ ಫೈಲಿಗೆ ಉಳಿಸಿದರೆ ಒಂದೊಂದಕ್ಕೂ 3 ಬೈಟ್, ಒಟ್ಟು 15. ಬೈಟ್ ಎಣಿಸಿ ಕಾಲಂ ಜೋಡಿಸುವ ಟೂಲ್‌ಗೆ ಕನ್ನಡ ಹೆಸರುಗಳನ್ನು ಕೊಟ್ಟರೆ ಪಟ್ಟಿ ಸೊಟ್ಟ ಆಗುತ್ತದೆ. ಹೆಸರು ಉದ್ದವಾಯಿತು ಅಂತ ಕತ್ತರಿಸುವ ಟೂಲ್ ಅಕ್ಷರದ ನಡುವೆಯೇ ಕತ್ತರಿ ಹಾಕುತ್ತದೆ, ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಇನ್ನು ಕಪ್ಪು ಪರದೆಗಳು ಇಂಗ್ಲಿಷ್ ಅಕ್ಷರದ ಚೌಕಗಳಿಗೆ ಮಾಡಿದವು. ಎಷ್ಟೋ ಕಡೆ ಒತ್ತು ಕೆಳಗೆ ಬರುವ ಬದಲು ಪಕ್ಕಕ್ಕೆ ಬೀಳುತ್ತದೆ. ಹಾಗಂತ ಕನ್ನಡ ಬಿಡಬೇಡಿ. ಪರದೆಯಲ್ಲಿ ಚುಟುಕಾಗಿ ಹೇಳಿ, ಪೂರ್ತಿ ವರದಿಯನ್ನು ಬ್ರೌಸರಿನಲ್ಲಿ ತೆರೆಯುವ ಫೈಲಿಗೆ ಬರೆಯಿರಿ. ಅಲ್ಲಿ ಒತ್ತಕ್ಷರ ಸರಿಯಾಗಿ ಕಾಣುತ್ತದೆ. ಕಮಾಂಡಿನ ಹೆಸರು, ಆಪ್ಷನ್ ಇಂಗ್ಲಿಷಿನಲ್ಲೇ ಇರಲಿ, ನನಗೆ ತೊಂದರೆಯಿಲ್ಲ, ಅವು ಹತ್ತಿಪ್ಪತ್ತು ಪದ. ನನಗೆ ಕನ್ನಡ ಬೇಕಾದದ್ದು ಏನೋ ಎಡವಟ್ಟಾದಾಗ. ಜೊತೆಗೆ ಒಂದು ದೋಷದ ಸಂಖ್ಯೆ ಕೊಟ್ಟರೆ ಅದನ್ನೇ ಹಾಕಿ ಹುಡುಕಬಹುದು, ಫೋನಿನಲ್ಲಿ ಓದಿ ಹೇಳಬಹುದು.

ಕಾಲೇಜುಗಳವರಿಗೆ ನನ್ನ ಕೋರಿಕೆ ಇದು. ಮೈಸೂರು, ಮಂಡ್ಯ ಎರಡರಲ್ಲೂ ಅರವತ್ತು ವರ್ಷ ದಾಟಿದ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಗೈಡ್‌ಗಳು ಪ್ರಾಜೆಕ್ಟ್ ರಿಪೋರ್ಟಿಗೆ ಎರಡು ಅನುಬಂಧ ಕಡ್ಡಾಯ ಮಾಡಲಿ. ಒಂದು, ಟೂಲಿನ ಹೆಲ್ಪ್ ಪೂರ್ತಿಯಾಗಿ. ಅದರಲ್ಲಿ ಆಪ್ಷನ್ ಪಟ್ಟಿಗಿಂತ ಮೊದಲು ನಕಲು ಮಾಡಿ ಓಡಿಸಬಹುದಾದ ಮೂರು ನಾಲ್ಕು ಉದಾಹರಣೆ ಇರಬೇಕು. ನಾವು ಓದುವುದು ಉದಾಹರಣೆಯನ್ನೇ. ಎರಡು, ಟೂಲ್ ಕೊಡಬಹುದಾದ ಎಲ್ಲ ದೋಷದ ಸಂದೇಶಗಳ ಪಟ್ಟಿ. ಅದನ್ನು ಒಂದು ಕಡೆ ಬರೆದು ನೋಡಿದರೆ ಅವರಿಗೇ ನಾಚಿಕೆಯಾಗಿ ತಿದ್ದುತ್ತಾರೆ. ವೈವಾದ ದಿನ ಎಕ್ಸ್‌ಟರ್ನಲ್ ಎಕ್ಸಾಮಿನರ್ ಜೊತೆಗೆ ಆಫೀಸಿನ ಒಬ್ಬ ಕ್ಲರ್ಕನ್ನೋ ಲೈಬ್ರರಿಯ ಒಬ್ಬ ಅಟೆಂಡರನ್ನೋ ಕೂರಿಸಿ ಟೂಲ್ ಓಡಿಸಲು ಹೇಳಲಿ. ಮಾಡಿದ ಹುಡುಗರು ಪಕ್ಕದಲ್ಲಿ ನಿಂತು ನೋಡಬೇಕು, ಬಾಯಿ ತೆರೆಯಬಾರದು. ಇದಕ್ಕೆ ಒಂದಷ್ಟು ಅಂಕ ಇರಲಿ. ಅಂಕ ಇಲ್ಲದ್ದನ್ನು ಮಕ್ಕಳು ಮಾಡುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಊರಿನ ಚರಿತ್ರೆಯನ್ನು ಬದಲಿಸಿದ ಆ ಟೂಲ್ ಬರೆದವರಿಗೆ ಅಣ್ಣನ ಮಗನ ಕೈಲಿ ಇಂಗ್ಲಿಷಿನಲ್ಲಿ ಬರೆಸಿದ್ದೆ. ಅವರು ಒಳ್ಳೆಯ ಮನಸ್ಸಿನಿಂದ ಉತ್ತರ ಕೊಟ್ಟರು. ಹೊಸ ಆವೃತ್ತಿ ಮೂಲ ಫೈಲನ್ನು ಮುಟ್ಟುವುದಿಲ್ಲ. ಬದಲಿಸಿದ್ದನ್ನು ಮೊದಲು ತಾತ್ಕಾಲಿಕ ಫೈಲಿಗೆ ಬರೆದು, ಪೂರ್ತಿಯಾದ ಮೇಲೆ ಮಾತ್ರ ಹೊಸ ಫೋಲ್ಡರಿಗೆ ಹಾಕುತ್ತದೆ. ಒಂದು ಕೆಲಸ ಬಾಕಿ ಇದೆ. ಕನ್ನಡದ ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂತಲೇ ತಿಳಿದು ಬದಲಿಸಿಬಿಡುತ್ತದೆ. ಟೆಕ್ಸ್ಟ್ ಫೈಲಿನಲ್ಲಿ ಫಾಂಟಿನ ಮಾಹಿತಿ ಇರುವುದಿಲ್ಲವಾದ್ದರಿಂದ ಯಾವುದು ಇಂಗ್ಲಿಷ್ ಅಂತ ಅದಕ್ಕೆ ಖಚಿತವಾಗಿ ತಿಳಿಯುವುದು ಕಷ್ಟವಂತೆ. ತಿಳಿಯದಿದ್ದರೂ ಪರವಾಗಿಲ್ಲ, ಅನುಮಾನ ಬಂದ ಸಾಲುಗಳ ಸಂಖ್ಯೆ ಕೊಡಿ, ನಾನೇ ನೋಡಿ ತಿದ್ದುತ್ತೇನೆ ಅಂತ ಮತ್ತೆ ಬರೆಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಇಂತಿ,
ಒಬ್ಬ ಡಿಟಿಪಿ ಆಪರೇಟರ್
ಸರಸ್ವತಿಪುರಂ, ಮೈಸೂರು